ಮನೆಯವರ ಕಾಯಿಲೆಗಳ ಬಗ್ಗೆ ಕೇಳುವುದು ಹೇಗೆ?

ಎಲ್ಲರೂ ಸೇರಿದಾಗ "ನಮ್ಮ ಮನೆತನದಲ್ಲಿ ಯಾರಿಗೆ ಏನು ಕಾಯಿಲೆ ಇತ್ತು?" ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಅಷ್ಟೆ. ಒಬ್ಬೊಬ್ಬರನ್ನೇ, ಬಿಡುವಿದ್ದಾಗ ಕೇಳಿ. ಯಾಕೆ ಕೇಳುತ್ತಿದ್ದೀರಿ ಎನ್ನುವುದನ್ನು ಮೊದಲೇ ಹೇಳಿಬಿಡಿ.

ಮೂರು ತಲೆಮಾರಿನ ವಿವರ ಸಾಕು. ಕಾಯಿಲೆಯ ಹೆಸರಿನ ಜೊತೆಗೆ ಅದು ಶುರುವಾದ ವಯಸ್ಸನ್ನು ಬರೆದುಕೊಳ್ಳಿ. ಬಹಳಷ್ಟು ಜನ ಬಿಡುವುದು ಇದನ್ನೇ. ತಂದೆ ಅಥವಾ ಸೋದರರಿಗೆ 55ಕ್ಕೆ ಮುಂಚೆ, ತಾಯಿ ಅಥವಾ ಸೋದರಿಯರಿಗೆ 65ಕ್ಕೆ ಮುಂಚೆ ಹೃದಯಾಘಾತ ಆಗಿದ್ದರೆ ನಿಮ್ಮ ಹೃದಯಕ್ಕಿರುವ ಅಪಾಯದ ಬಗ್ಗೆ ವೈದ್ಯರ ಲೆಕ್ಕಾಚಾರವೇ ಬದಲಾಗುತ್ತದೆ. ತಂದೆಗೆ 46ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಕ್ಕಳಿಗೆ ಸಾಮಾನ್ಯವಾಗಿ ಹತ್ತು ವರ್ಷ ಮೊದಲೇ, ಅಂದರೆ 36ಕ್ಕೇ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಶುರುಮಾಡಲು ಹೇಳುತ್ತಾರೆ.

ಮನಸ್ಸಿನ ಕಾಯಿಲೆಗೆ ಮನೆಗಳಲ್ಲಿ ಹೆಸರೇ ಇರುವುದಿಲ್ಲ. "ಅವರ ಸ್ವಭಾವವೇ ಹಾಗೆ" ಎಂದು ಮಾತು ಮುಗಿಸುತ್ತಾರೆ. ಅದಕ್ಕೇ ನಡವಳಿಕೆಯನ್ನು ಕೇಳಬೇಕು: ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲವೇ? ಎರಡು-ಮೂರು ಗಂಟೆ ಮಲಗಿಯೂ ದಣಿವೇ ಇಲ್ಲದೆ, ಮಾತಿನ ಮೇಲೆ ಮಾತಾಡುತ್ತ, ಸಿಕ್ಕಾಪಟ್ಟೆ ದುಡ್ಡು ಖರ್ಚು ಮಾಡುತ್ತಿದ್ದರೇ? ಹೆರಿಗೆಯಾದ ಮೇಲೆ ಬೇರೆಯೇ ಮನುಷ್ಯರಂತಾದರೇ? ಎರಡನೆಯದು ಬೈಪೋಲಾರ್‌ನ ಸುಳಿವಿರಬಹುದು; ಅದು ಖಿನ್ನತೆ ಮತ್ತು ಉನ್ಮಾದ (ಮಿತಿಮೀರಿದ ಹುರುಪು) ಎರಡೂ ಬಂದುಹೋಗುವ ಮನಸ್ಸಿನ ಕಾಯಿಲೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ. ಮನೆತನದ ಈ ಸಂಗತಿ ಗೊತ್ತಿದ್ದರೆ ವೈದ್ಯರು ಔಷಧಿಯನ್ನು ಎಚ್ಚರದಿಂದ ಆರಿಸುತ್ತಾರೆ.

ಆತ್ಮಹತ್ಯೆಯ ಬಗ್ಗೆಯೂ ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ ಮಾತ್ರಕ್ಕೆ ಯಾರ ತಲೆಯಲ್ಲೂ ಆ ಯೋಚನೆ ಹುಟ್ಟುವುದಿಲ್ಲ. ಹೇಳುವವರು ತಡವರಿಸಿದರೆ ಅಲ್ಲಿಗೇ ಬಿಡಿ, ಇನ್ನೊಂದು ದಿನ ಅವರೇ ಮುಂದುವರಿಸಬಹುದು. ಬರೆದಿಟ್ಟದ್ದನ್ನು ಒಡಹುಟ್ಟಿದವರಿಗೆ ಕೊಡುವ ಮುನ್ನ, ಬದುಕಿರುವವರ ವಿವರಕ್ಕೆ ಅವರ ಒಪ್ಪಿಗೆ ಪಡೆಯಿರಿ.