ಮೂರೂಮುಕ್ಕಾಲು ಗೆರೆ

2025 ನವೆಂಬರ್ 16, ಭಾನುವಾರ
ಬಸವನಗುಡಿ, ಬೆಂಗಳೂರು

ನಾಳೆ ಕಾರ್ತಿಕದ ಕಡೆಯ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಇವತ್ತೇ ಕಡಲೆಕಾಯಿಯ ರಾಶಿಗಳು ಬಿದ್ದಿರುವುದರಿಂದ ಮಧ್ಯಾಹ್ನದ ಮೇಲೆ ಗಾಡಿ ಹೊರಗೆ ತೆಗೆಯುವ ಹಾಗಿರಲಿಲ್ಲ. ಅಮ್ಮ ಒಂದು ವರ್ಷದಿಂದ ಹೇಳುತ್ತಿದ್ದ ಅಟ್ಟದ ಕೆಲಸಕ್ಕೆ ಕೊನೆಗೂ ಕೈ ಹಾಕಿದೆ. ತಂಗಿಯ ಮಗ ಏಣಿ ಹಿಡಿದು ನಿಂತ. ತಾಮ್ರದ ಹಂಡೆಯ ಹಿಂದೆ, ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟ ನನ್ನ ಹಳೆಯ ವಿಡಿಯೋ ಗೇಮ್ ಯಂತ್ರ, ಪ್ಲೇಸ್ಟೇಷನ್ 2, ಸಿಕ್ಕಿತು. ಜೊತೆಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಡಿಸ್ಕುಗಳು.

ಹುಡುಗನಿಗೆ ಹದಿಮೂರು ವರ್ಷ. ಅವನ ಪ್ಲೇಸ್ಟೇಷನ್ 5 ನಡುಮನೆಯ ಟಿವಿಯ ಕೆಳಗೇ ಇದೆ. "ಮಾಮ, ಇದನ್ನ ನನ್ನದಕ್ಕೆ ಹಾಕಿದ್ರೆ ಓಡುತ್ತಾ?" ಎಂದು ಕೇಳಿದ. ಓಡುವುದಿಲ್ಲ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ, ಏಕೆಂದರೆ ಹೋದ ತಿಂಗಳು ಗೆಳೆಯನಿಂದ ತಂದ ಪ್ಲೇಸ್ಟೇಷನ್ 4ರ ಡಿಸ್ಕು ಅದರಲ್ಲಿ ಚೆನ್ನಾಗಿಯೇ ಓಡಿತ್ತು. ಡಿಸ್ಕಿನ ಅಳತೆ ಒಂದೇ, ತೂತು ಒಂದೇ, ಹೆಸರಿನ ಮುಂದಿನ ಅಂಕಿ ಮಾತ್ರ ಬೇರೆ.

ಏಣಿಯ ಮೇಲೆ ಕುಳಿತೇ ಅವನಿಗೆ ಹೇಳಿದ್ದು ಇಷ್ಟು. ಡಿಸ್ಕಿನಲ್ಲಿರುವುದು ಒಂದು ನಿರ್ದಿಷ್ಟ ಚಿಪ್ಪಿಗೆಂದು ಬರೆದ ಆದೇಶಗಳು. ಆ ಚಿಪ್ಪು ಇಲ್ಲದಿದ್ದರೆ ಓದಿ ಹೇಳುವವರು ಯಾರೂ ಇರುವುದಿಲ್ಲ. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ತನ್ನ ಹಿಂದಿನ ತಲೆಮಾರಿನ ಆಟಗಳನ್ನು ಆಡಿಸುತ್ತಿದ್ದುದು ಜಾಣತನದಿಂದಲ್ಲ, ಉಳಿತಾಯದ ಬುದ್ಧಿಯಿಂದ: ಹಳೆಯ ಯಂತ್ರದ ಪ್ರೊಸೆಸರನ್ನೇ ಒಳಗಿಟ್ಟುಕೊಂಡು, ಬೇರೆ ಸಮಯದಲ್ಲಿ ಅದಕ್ಕೆ ಕಂಟ್ರೋಲರ್, ಮೆಮೊರಿ ಕಾರ್ಡುಗಳ ಚಾಕರಿ ವಹಿಸಿದ್ದರು. ಹೊಸ ಮನೆಗೆ ಗ್ಯಾಸ್ ಬಂದರೂ ಹಿತ್ತಿಲಲ್ಲಿ ಸೌದೆ ಒಲೆಯನ್ನು ಉಳಿಸಿಕೊಂಡು ಅದರಲ್ಲಿ ಸ್ನಾನಕ್ಕೆ ನೀರು ಕಾಯಿಸಿದ ಹಾಗೆ. 2006ರ ಮೊದಲ ಪ್ಲೇಸ್ಟೇಷನ್ 3ಗಳಲ್ಲಿಯೂ ಹೀಗೆಯೇ ಪ್ಲೇಸ್ಟೇಷನ್ 2ರ ಎರಡು ಮುಖ್ಯ ಚಿಪ್ಪುಗಳಾದ ಎಮೋಷನ್ ಎಂಜಿನ್ ಮತ್ತು ಗ್ರಾಫಿಕ್ಸ್ ಸಿಂಥಸೈಜರ್ ಇದ್ದವು. ಮರುವರ್ಷ ಯುರೋಪಿಗೆ ಬಂದ ಮಾದರಿಯಲ್ಲಿ ಮೊದಲನೆಯದು ಹೋಯಿತು, ಆಮೇಲಿನ ಮಾದರಿಗಳಲ್ಲಿ ಎರಡೂ ಹೋದವು. ಪ್ಲೇಸ್ಟೇಷನ್ 3ರ ಸೆಲ್ ಪ್ರೊಸೆಸರನ್ನು ಕೈಬಿಟ್ಟು 2013ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಸಾಮಾನ್ಯ ಕಂಪ್ಯೂಟರಿನ ಜಾತಿಯ ಪ್ರೊಸೆಸರ್ ಹಾಕಿದ್ದರಿಂದ ಕೊಂಡಿ ಅಲ್ಲಿಗೆ ಕಳಚಿತು. 5 ಅದೇ ಜಾತಿಯದಾದ್ದರಿಂದ 4ರ ಆಟಗಳು ಬಹುತೇಕ ಎಲ್ಲವೂ ಅದರಲ್ಲಿ ಓಡುತ್ತವೆ.

"ಹಾಗಾದ್ರೆ ಹಳೇದನ್ನೇ ಟಿವಿಗೆ ಸಿಕ್ಕಿಸೋಣ" ಎಂದ. ಅಲ್ಲಿಂದ ಶುರುವಾಯಿತು ಇವತ್ತಿನ ಪಾಡು.

ಹೊಸ ಟಿವಿಯ ಹಿಂದೆ ಹಳೆಯ ಯಂತ್ರದ ತಂತಿಗಳು ಕೂರುವ ಹಳದಿ, ಕೆಂಪು, ಬಿಳಿ ತೂತುಗಳಿಲ್ಲ. ಹಿಂದೊಮ್ಮೆ ಎಸ್.ಪಿ. ರಸ್ತೆಯಲ್ಲಿ ಬೇರೇನೋ ಕೊಳ್ಳಲು ಹೋದಾಗ ತಂದಿದ್ದ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಹೆಸರಿಲ್ಲದ ಕನ್ವರ್ಟರ್ ಒಂದಿತ್ತು. ಅದನ್ನು ನಡುವೆ ಸೇರಿಸಿದೆವು. ಚಿತ್ರ ಬಂತು, ಆದರೆ ಎಂಥ ಚಿತ್ರ! ಕಾರ್ ರೇಸಿನ ಆಟದ ಚಾಲಕನ ಮುಖ ಹಲಸಿನ ಹಣ್ಣಿನಂತೆ ಅಡ್ಡಕ್ಕೆ ಊದಿಕೊಂಡಿತ್ತು. ಕಾರು ತಿರುವಿನಲ್ಲಿ ಹೊರಳಿದಾಗಲೆಲ್ಲ ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಏಳುತ್ತಿದ್ದವು. ನಾನು ಬ್ರೇಕು ಒತ್ತಿದ ಮೇಲೆ ಕಾರು ಒಂದು ಗಳಿಗೆ ಯೋಚಿಸಿ ಆಮೇಲೆ ನಿಲ್ಲುತ್ತಿತ್ತು. ಹುಡುಗ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಇದನ್ನೇ ಮಾಮ ಇಷ್ಟು ದಿನ ಹೊಗಳುತ್ತಿದ್ದದ್ದೇ ಎಂಬ ಭಾವ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು.

ಮುಖ ಊದಿಕೊಂಡದ್ದಕ್ಕೆ ಮದ್ದು ಸುಲಭ. ನಾಲ್ಕಕ್ಕೆ ಮೂರರ ಚಿತ್ರವನ್ನು ಹದಿನಾರಕ್ಕೆ ಒಂಬತ್ತರ ಪರದೆಗೆ ಎಳೆದು ಅಂಟಿಸಿದ್ದರಿಂದ ಹಾಗಾಗಿತ್ತು. ಟಿವಿಯ ಸೆಟ್ಟಿಂಗಿನಲ್ಲಿ ಸರಿಪಡಿಸಿದೆ. ಬಾಚಣಿಗೆಯ ಕಥೆ ಬೇರೆ. ನಮ್ಮ ದೇಶದ ಹಳೆಯ ಟಿವಿಗಳದ್ದು ಪಾಲ್ ಎಂಬ ಪದ್ಧತಿ. ಅದರಲ್ಲಿ ಚಿತ್ರವಾಗುವ 576 ಅಡ್ಡ ಗೆರೆಗಳು ಒಟ್ಟಿಗೆ ಬರುವುದಿಲ್ಲ: ಒಂದು ಸಲ ಬೆಸ ಗೆರೆಗಳು, ಮರುಸಲ ಸಮ ಗೆರೆಗಳು, ಹೀಗೆ ಸೆಕೆಂಡಿಗೆ ಐವತ್ತು ಸಲ. ಪಿಕ್ಚರ್ ಟ್ಯೂಬಿನ ಟಿವಿ ಅವನ್ನು ಬಂದ ಹಾಗೆಯೇ ಬರೆದು ಮುಂದೆ ಹೋಗುತ್ತಿತ್ತು, ಕಣ್ಣು ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಇಂದಿನ ಪರದೆ ಪೂರ್ತಿ ಚಿತ್ರವನ್ನು ಒಮ್ಮೆಗೇ ಕೇಳುತ್ತದೆ. ಕನ್ವರ್ಟರ್ ಎರಡು ಅರ್ಧಗಳನ್ನು ಹೊಲಿದು ಕೊಡುತ್ತದೆ. ಆ ಎರಡರ ನಡುವೆ ಕಾರು ಮುಂದೆ ಸರಿದಿದ್ದರೆ ಹೊಲಿಗೆ ಎದ್ದು ಕಾಣುತ್ತದೆ. ಬ್ರೇಕು ತಡವಾದದ್ದಕ್ಕೂ ಹೀಗೆ ಕಾದು ಹೊಲಿಯುವುದು ಒಂದು ಕಾರಣ.

ಅದಾದ ಮೇಲೆ ಹಿಗ್ಗಿಸುವ ಲೆಕ್ಕ. ನಮ್ಮ 4ಕೆ ಟಿವಿಯಲ್ಲಿ ಮೇಲಿನಿಂದ ಕೆಳಕ್ಕೆ 2160 ಸಾಲುಗಳಿವೆ. 576ನ್ನು ಅಷ್ಟಕ್ಕೆ ತುಂಬಿಸಬೇಕಾದರೆ ಒಂದೊಂದು ಗೆರೆಯೂ ಮೂರೂಮುಕ್ಕಾಲು ಗೆರೆಯಾಗಬೇಕು. ಮುಕ್ಕಾಲು ಗೆರೆ ಎಂಬುದು ಪರದೆಯಲ್ಲಿ ಇಲ್ಲ. ಆದ್ದರಿಂದ ಅಕ್ಕಪಕ್ಕದ ಎರಡರ ಬಣ್ಣವನ್ನು ಬೆರೆಸಿ ಒಂದು ಸುಳ್ಳು ಗೆರೆಯನ್ನು ಹುಟ್ಟಿಸುತ್ತಾರೆ, ಮತ್ತು ಮಂಜು ಕವಿದಂತೆ ಕಾಣುವುದು ಆ ಬೆರಕೆಯಿಂದಲೇ. 720 ಆಗಿದ್ದರೆ ಸರಿಯಾಗಿ ಮೂರರಷ್ಟು, 1080 ಆಗಿದ್ದರೆ ಎರಡರಷ್ಟು, ಯಾವ ತಕರಾರೂ ಇಲ್ಲ. ತಾತ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದಾಗ ಇದು ಯಾವ ಕೆಲಸಕ್ಕೆ ಬರುತ್ತದೆ ಎಂದು ಗೊಣಗಿದ್ದೆ.

ಈ ಭಿನ್ನರಾಶಿಯ ಕಾಟ ಹಳೆಯ ಯಂತ್ರಗಳಿಗೆ ಮಾತ್ರ ಅಂಟಿದ್ದಲ್ಲ. ಈ ವರ್ಷದ ಜೂನಿನಲ್ಲಿ ಬಂದ, ಕೈಯಲ್ಲಿ ಹಿಡಿದೂ ಆಡಬಹುದಾದ ಯಂತ್ರ ನಿಂಟೆಂಡೊ ಸ್ವಿಚ್ 2ರ ಪರದೆಗೆ 1080 ಸಾಲುಗಳು. ಹಿಂದಿನ ಸ್ವಿಚ್‌ನ ಪರದೆಗೆ ಇದ್ದದ್ದು 720. ಹಳೆಯ ಆಟವನ್ನು ಕೈಯಲ್ಲಿ ಹಿಡಿದು ಆಡುವಾಗ ಒಂದು ಸಾಲು ಒಂದೂವರೆ ಸಾಲಾಗಬೇಕು. ಆಟ ಓಡುತ್ತದೆ, ಎಷ್ಟೋ ಕಡೆ ಮೊದಲಿಗಿಂತ ಸಲೀಸಾಗಿಯೂ ಓಡುತ್ತದೆ, ಆದರೆ ಅಕ್ಷರಗಳ ಅಂಚು ಮೆತ್ತಗಾಗುತ್ತದೆ. ಅದಕ್ಕೂ ಹಿಂದೆ ನಿಂಟೆಂಡೊ 3ಡಿಎಸ್‌ನಲ್ಲಿ ಅದರ ಹಿಂದಿನ ಯಂತ್ರವಾದ ಡಿಎಸ್‌ನ ಆಟಗಳನ್ನು ಹಾಕಿದಾಗ 192 ಸಾಲು 240 ಆಗಬೇಕಿತ್ತು, ಅಂದರೆ ಒಂದೂಕಾಲು. ಅದನ್ನು ಮಾಡಿದವರಲ್ಲಿ ಯಾರೋ ಕಣ್ಣುಳ್ಳವರಿದ್ದರು. ಆಟ ತೆರೆಯುವಾಗ ಸ್ಟಾರ್ಟ್ ಅಥವಾ ಸೆಲೆಕ್ಟ್ ಗುಂಡಿಯನ್ನು ಒತ್ತಿ ಹಿಡಿದರೆ ಚಿತ್ರ ಹಿಗ್ಗದೆ, ಸುತ್ತ ಕಪ್ಪು ಅಂಚು ಬಿಟ್ಟು, ತನ್ನ ನಿಜವಾದ ಅಳತೆಯಲ್ಲಿ ಪುಟ್ಟದಾಗಿ, ಆದರೆ ಚೊಕ್ಕವಾಗಿ ಕಾಣುತ್ತಿತ್ತು. ಹಳೆಯ ಆಟಕ್ಕೆ ಹೊಸ ಯಂತ್ರ ತೋರಬಹುದಾದ ಮರ್ಯಾದೆಯಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ಪರದೆ ತುಂಬಲೇಬೇಕು ಎಂಬ ಹಟ ಯಾರದ್ದೋ ನನಗೆ ತಿಳಿಯದು, ಆಡುವವರದ್ದಂತೂ ಅಲ್ಲ.

ಹಿಗ್ಗಿಸದೆ ಹೊಸದಾಗಿ ಬರೆಯುವ ದಾರಿಯೂ ಇದೆ. ಮೈಕ್ರೊಸಾಫ್ಟ್‌ನ ಆಟದ ಯಂತ್ರವಾದ ಮೊದಲ ಎಕ್ಸ್‌ಬಾಕ್ಸ್‌ನ ಕೆಲವು ಆಟಗಳನ್ನು 2017ರ ಎಕ್ಸ್‌ಬಾಕ್ಸ್ ಒನ್ ಎಕ್ಸ್ ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು, ಒಟ್ಟು ಹದಿನಾರು ಪಟ್ಟು ಬಿಂದುಗಳಲ್ಲಿ ಮತ್ತೆ ಎಣಿಸಿ ಬಿಡಿಸುತ್ತದೆ. ಮೂರು ಆಯಾಮದ ಆಕಾರಗಳು ಇದರಿಂದ ನಿಜಕ್ಕೂ ಹೊಳೆಯುತ್ತವೆ. ಆದರೆ ಗೋಡೆಗೆ, ಬಟ್ಟೆಗೆ ಅಂಟಿಸಿದ ಚಿತ್ರಗಳು ಅಂದು ಬರೆದಷ್ಟೇ ದೊಡ್ಡವು. ಆದ್ದರಿಂದ ಕತ್ತರಿಸಿದಂತಹ ಅಂಚಿನ ಭುಜದ ಮೇಲೆ ಕಲೆಸಿದಂತಹ ಅಂಗಿ ಕಾಣುತ್ತದೆ. ಸೈಲೆಂಟ್ ಹಿಲ್ ಎಂಬ ಹೆದರಿಸುವ ಆಟಗಳನ್ನು ಹೊಸ ಪರದೆಗೆಂದು ತಿದ್ದಿ ತಂದ 2012ರ ಎಚ್‌ಡಿ ಸಂಗ್ರಹದ್ದು ಇನ್ನೂ ಪಾಠವಾಗುವಂಥದ್ದು. ಮೂಲ ಆಟದ ಮಂಜು ಹೆದರಿಸುವುದಕ್ಕೂ ಇತ್ತು, ದೂರದಲ್ಲಿ ಬಿಡಿಸದೇ ಬಿಟ್ಟದ್ದನ್ನು ಮರೆಮಾಡುವುದಕ್ಕೂ ಇತ್ತು. ಹೊಸ ಆವೃತ್ತಿಯಲ್ಲಿ ಅದು ತೆಳುವಾದ ಕಡೆ ಸರೋವರದ ನೀರು ಎಲ್ಲಿ ನಿಲ್ಲುತ್ತದೆ ಎಂಬುದೇ ಬಯಲಾಯಿತು.

ಸಂಜೆ ಆರರ ಹೊತ್ತಿಗೆ ಅಮ್ಮನ ಕೋಣೆಯ ಮೂಲೆಯಲ್ಲಿದ್ದ ಇಪ್ಪತ್ತೊಂದು ಇಂಚಿನ ಟ್ಯೂಬ್ ಟಿವಿಯ ಮೇಲಿಂದ ಪಂಚಾಂಗಗಳನ್ನು ಇಳಿಸಿ, ಹಳದಿ ತಂತಿಯನ್ನು ನೇರವಾಗಿ ಅದಕ್ಕೇ ಸಿಕ್ಕಿಸಿದೆವು. ಬಾಚಣಿಗೆ ಇಲ್ಲ, ಮಂಜಿಲ್ಲ. ಒತ್ತಿದ ಕ್ಷಣಕ್ಕೆ ಕಾರು ನಿಂತಿತು. ಮರಗಳ ಎಲೆಗಳು, ಟಿವಿಯ ಕಪ್ಪು ಗೆರೆಗಳ ನಡುವೆ ಒಂದಕ್ಕೊಂದು ಸೋಕಿ, ಬರೆದವರು ಎಣಿಸಿದ ಹಾಗೆಯೇ ಕಂಡವು. ಹುಡುಗ ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಹತ್ತಿರ ಬಂದು ಗಾಜಿಗೆ ಮೂಗು ತಾಗಿಸಿ ನೋಡಿದ. ಆಮೇಲೆ ಕಿವಿ ಮುಚ್ಚಿಕೊಂಡು, "ಮಾಮ, ಇದೇನು ಕೀಂ ಅಂತ ಕೂಗ್ತಿದೆ?" ಎಂದ.

ನನಗೆ ಏನೂ ಕೇಳಿಸಲಿಲ್ಲ. ಪಾಲ್ ಟಿವಿ ಸೆಕೆಂಡಿಗೆ 15,625 ಗೆರೆಗಳನ್ನು ಎಳೆಯುತ್ತದೆ, ಆ ಎಳೆತದ ಸದ್ದು ಅಷ್ಟೇ ಎತ್ತರದ ಸ್ವರದಲ್ಲಿರುತ್ತದೆ. ಹದಿಮೂರರಲ್ಲಿ ನನಗೂ ಅದು ಕೇಳಿಸುತ್ತಿತ್ತು. ಪಕ್ಕದ ಮನೆಯಲ್ಲಿ ಟಿವಿ ಹಾಕಿದ್ದಾರೋ ಇಲ್ಲವೋ ಎಂಬುದನ್ನು ಬೀದಿಯಲ್ಲಿ ನಿಂತೇ ಹೇಳುತ್ತಿದ್ದೆ. ಕಿವಿಗೆ ಹತ್ತಿ ಇಟ್ಟುಕೊಂಡು ಅವನು ಇನ್ನೂ ನಾಲ್ಕು ಸುತ್ತು ಓಡಿಸಿದ. ಅಷ್ಟರಲ್ಲಿ ಅಮ್ಮ ಹುರಿದ ಕಡಲೆಕಾಯಿ ತಂದಿಟ್ಟು, ಬುಧವಾರ ಗುಜರಿಯವನು ಈ ಟಿವಿಯನ್ನು ಒಯ್ಯಲು ಬರುತ್ತಾನೆ ಎಂದು ನೆನಪಿಸಿದರು. ಅವನಿಗೆ ಬರಬೇಡ ಎಂದು ಹೇಳುವ ಕೆಲಸವನ್ನು ನಾನು ಹುಡುಗನಿಗೇ ಒಪ್ಪಿಸಿದೆ.