ಐದರ ಮೇಲೆ ನೀರು ಕೊಡಲ್ಲ ಮೇಡಂ

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಐದರ ಮೇಲೆ ನೀರು ಕೊಡಲ್ಲ ಮೇಡಂ, ರಾತ್ರಿಯೆಲ್ಲ ಒದ್ದೆ ಆಗ್ತಾರೆ." ಹೇಳಿದವಳು ಚಿಕ್ಕ ಹುಡುಗಿ, ಇಪ್ಪತ್ತು ದಾಟಿದ್ದರೆ ಹೆಚ್ಚು. ಸಿಡುಕಿನಿಂದ ಹೇಳಲಿಲ್ಲ. ಮುಚ್ಚಿಡಲೂ ನೋಡಲಿಲ್ಲ. ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿದರೆ ಹೇಳುತ್ತಾರಲ್ಲ, ಹಾಗೆ ಹೇಳಿದಳು.

ಅತ್ತೆಗೆ ಮರೆವು ಮೊದಲೇ ಇತ್ತು. ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆದ ಮೇಲೆ ಅದು ಜಾಸ್ತಿ ಆಗಿದೆ. ಏಳಲು, ಕೂರಲು ಒಬ್ಬರು ಬೇಕು. ಮನೆಗೆ ಬರುತ್ತಿದ್ದ ಆಯಾ ಹಬ್ಬಕ್ಕೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಿಕ್ಕಿದ್ದನ್ನು ಹೇಳಬೇಕಾಗಿಲ್ಲ, ಇಂಥ ಮಾತುಕತೆ ಈಗ ಎಲ್ಲರ ಮನೆಯಲ್ಲೂ ನಡೆಯುತ್ತಿದೆ.

ಹಾಗಾಗಿ ಊರಾಚೆ ಇರುವ ಒಂದು ಆರೈಕೆ ಕೇಂದ್ರ ನೋಡಿ ಬರೋಣ ಅಂತ ಹೊರಟೆವು. ಚೆನ್ನಾಗಿಯೇ ಇತ್ತು. ಬಾಗಿಲಲ್ಲೇ ಮೀನಿನ ತೊಟ್ಟಿ, ಪಕ್ಕದಲ್ಲಿ ಭಜನೆ ಹಾಲ್, ಫಿಸಿಯೋಥೆರಪಿ ಕೋಣೆ, ಗೋಡೆಯ ಮೇಲೆ ವಾರದ ಊಟದ ಪಟ್ಟಿ. ಮೊಬೈಲ್ ಆ್ಯಪ್‌ನಲ್ಲಿ ಕ್ಯಾಮೆರಾ ನೋಡಬಹುದಂತೆ. ನಮ್ಮವರಿಗೆ ಅದು ಬಹಳ ಹಿಡಿಸಿತು. ಅಮೆರಿಕದಲ್ಲಿರುವ ಭಾವನವರೂ ಕೂತಲ್ಲೇ ಅಮ್ಮನನ್ನು ನೋಡಬಹುದು ಅನ್ನುವುದು ಅವರ ಲೆಕ್ಕ. ಅವರು ಮ್ಯಾನೇಜರ್ ಜೊತೆ ದರ, ಡೆಪಾಸಿಟ್ ಅಂತ ಮಾತಿಗೆ ಕೂತಾಗ ನಾನು ಹಿಂದಿನ ವಾರ್ಡಿಗೆ ಹೋದೆ. ಸಂಜೆ ಆರೂವರೆ ಇರಬೇಕು.

ಬಾಗಿಲ ಹತ್ತಿರದ ಮಂಚದಲ್ಲಿದ್ದ ಅಜ್ಜಿ ನನ್ನ ಸೆರಗು ಹಿಡಿದುಕೊಂಡರು. "ನೀರು ಕೊಡಮ್ಮ" ಅಂದರು. ನಾಲಿಗೆ ಮೇಲಂಗಳಕ್ಕೆ ಅಂಟಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ತುಟಿಯ ಎರಡೂ ಮೂಲೆಯಲ್ಲಿ ಬಿಳಿ ಕಟ್ಟಿತ್ತು. ಪಕ್ಕದ ಮೇಜಿನ ಮೇಲೆ ನೀರಿನ ಬಾಟಲಿ ತುಂಬಿಯೇ ಇತ್ತು. ಮಂಚದ ಕಂಬಿ ಎತ್ತಿದ್ದರಿಂದ ಕೈಗೆ ಎಟುಕುವಂತಿರಲಿಲ್ಲ. ಗಂಟಲಿನ ತೊಂದರೆ ಇರುವವರಿಗೆ ನೀರು ನೆತ್ತಿಗೇರಿ ಶ್ವಾಸಕೋಶಕ್ಕೆ ಹೋಗಬಹುದು, ಗೊತ್ತಿಲ್ಲದವರು ಕುಡಿಸಬಾರದು. ಅದಕ್ಕೇ ಹುಡುಗಿಯನ್ನು ಕೂಗಿದೆ. ಆಗ ಬಂದಿದ್ದು ಆ ಮಾತು.

"ಅಂದ್ರೆ ಬೆಳಿಗ್ಗೆವರೆಗೂ ಇಲ್ವಾ?"

"ರಾತ್ರಿ ಮಾತ್ರೆಗೆ ಎರಡು ಗುಟುಕು ಕೊಡ್ತೀವಿ."

"ರಾತ್ರಿ ಎಷ್ಟು ಜನ ಇರ್ತೀರಮ್ಮ?"

"ಕೆಳಗೆ ನಾನು. ಮೇಲೆ ಇನ್ನೊಬ್ಳು."

"ಕೆಳಗೆ ಎಷ್ಟು ಜನ ಇದ್ದಾರೆ?"

"ಹದಿನಾರು."

ಇಷ್ಟು ಹೇಳಿ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ತಾನೇ ಅಜ್ಜಿಯ ಬೆನ್ನಿಗೆ ಕೈ ಕೊಟ್ಟು ಕೂರಿಸಿ, ದಿಂಬು ಇಟ್ಟು, ಲೋಟದಲ್ಲಿ ನೀರು ಹಿಡಿದಳು. ಅಜ್ಜಿ ಎರಡೂ ಕೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡು ಕುಡಿದರು. ಎಲ್ಲಿ ಲೋಟ ತೆಗೆದುಬಿಡುತ್ತಾಳೋ ಅಂತ. ಗಲ್ಲದ ಮೇಲೆ ಇಳಿದಿದ್ದನ್ನು ಹುಡುಗಿ ತನ್ನ ದುಪಟ್ಟಾದ ತುದಿಯಲ್ಲೇ ಒರೆಸಿದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ.

ಸಿಟ್ಟು ಬಂದಿದ್ದು ಮ್ಯಾನೇಜರ್ ಮೇಲೆ. ಕೇಳಿದೆ. "ಅಯ್ಯೋ, ನಮ್ಮಲ್ಲಿ ಹಾಗೆಲ್ಲ ಇಲ್ಲ ಮೇಡಂ, ಆ ಹುಡುಗಿ ಹೊಸಬಳು, ಅವಳಿಗೆ ಗೊತ್ತಿಲ್ಲ" ಅಂದರು. ಒಬ್ಬಳನ್ನೇ ಹದಿನಾರು ಜನರ ಜೊತೆ ರಾತ್ರಿ ಬಿಡುವ ನಿರ್ಧಾರ ಹೊಸ ಹುಡುಗಿ ಮಾಡಿದ್ದಲ್ಲ. ತಪ್ಪನ್ನು ಅಷ್ಟು ಸಲೀಸಾಗಿ ಅವಳ ತಲೆಗೆ ಕಟ್ಟಿದರಲ್ಲ, ಅದೇ ಸಾಕಾಯಿತು ನನಗೆ ಆ ಮನುಷ್ಯನನ್ನು ಅಳೆಯಲು.

ಲೆಕ್ಕ ಹಾಕಿ ನೋಡಿ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಆಸ್ಪತ್ರೆಯಲ್ಲಿ ನಮಗೂ ಹೇಳಿಕೊಟ್ಟಿದ್ದಾರೆ, ಇಲ್ಲದಿದ್ದರೆ ಬೆನ್ನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಹದಿನಾರರಲ್ಲಿ ಹತ್ತು ಜನ ಹಾಗಿದ್ದಾರೆ ಅಂದುಕೊಳ್ಳೋಣ. ಮಗ್ಗುಲು ಬದಲಿಸಿ, ಒರೆಸಿ, ಡಯಾಪರ್ ಹಾಕಲು ಒಬ್ಬರಿಗೆ ಹತ್ತು ನಿಮಿಷ. ನೂರು ನಿಮಿಷ ಆಯಿತು. ಒಂದು ಸುತ್ತು ಮುಗಿಯುವ ಹೊತ್ತಿಗೆ ಮುಂದಿನ ಸುತ್ತು ಬಂದೇಬಿಡುತ್ತದೆ. ನಡುವೆ ಒಬ್ಬರು ಕೂಗಿದರೆ, ಒಬ್ಬರಿಗೆ ವಾಂತಿ ಆದರೆ? ಅವಳಿಗೆ ನಿದ್ದೆ ಬಂದರೆ? ಇಷ್ಟು ಕೆಲಸ ಒಬ್ಬಳಿಂದ ಆಗುವುದಿಲ್ಲ ಅಂತ ಅಲ್ಲಿದ್ದ ಯಾರೋ ಕಂಡುಕೊಂಡ ದಾರಿ ನೀರು ನಿಲ್ಲಿಸುವುದು.

ಅದರಿಂದ ಏನಾಗುತ್ತದೆ ಅನ್ನುವುದು ಅತ್ತೆಯ ವಿಷಯದಲ್ಲೇ ಕಂಡಿದ್ದೇವೆ. ವಯಸ್ಸಾದ ಹಾಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಕೇಳುವುದಿಲ್ಲ, ಕೇಳಿದಾಗ ಆಗಲೇ ತಡವಾಗಿರುತ್ತದೆ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು. ಸೋಂಕಾದರೆ ಕೆಲವರಿಗೆ ಜ್ವರವೇ ಬರುವುದಿಲ್ಲ, ಒಂದೇ ದಿನದಲ್ಲಿ ಗೊಂದಲ ಶುರುವಾಗುತ್ತದೆ, ಇಲ್ಲದವರ ಜೊತೆ ಮಾತಾಡುತ್ತಾರೆ, ರಾತ್ರಿ ಕೂಗುತ್ತಾರೆ. ಮರೆವಿನ ಕಾಯಿಲೆ ಇದ್ದವರಾದರೆ ಎಲ್ಲರೂ "ಕಾಯಿಲೆ ಜಾಸ್ತಿ ಆಯ್ತು" ಅಂದುಬಿಡುತ್ತಾರೆ. ನಿದ್ದೆಗೆ ಮಾತ್ರೆ ಬರುತ್ತದೆ. ಮಾತ್ರೆ ನುಂಗಿ ಮಲಗಿದವರು ನೀರು ಇನ್ನೂ ಕಡಿಮೆ ಕುಡಿಯುತ್ತಾರೆ. ಮಲಗುವ ಮುಂಚಿನ ಒಂದೆರಡು ಗಂಟೆ ಸ್ವಲ್ಪ ಕಡಿಮೆ ಮಾಡಿ, ಅದನ್ನು ಹಗಲಲ್ಲಿ ತುಂಬಿಕೊಳ್ಳಿ ಅಂತ ಡಾಕ್ಟರುಗಳು ಹೇಳುವುದುಂಟು. ಸಂಜೆ ಐದಕ್ಕೆ ನಲ್ಲಿ ಮುಚ್ಚಿ ಅಂತ ಯಾವ ಡಾಕ್ಟರೂ ಹೇಳಿರಲಾರರು.

ಇನ್ನೊಂದು ವಿಷಯ ಹೇಳಲೇಬೇಕು. ಅಲ್ಲಿ ಡಯಾಪರ್ ಖರ್ಚು ತಿಂಗಳ ದರದಲ್ಲಿ ಸೇರಿಲ್ಲ, ಬೇರೆ ಬಿಲ್. ಬಹಳ ಕಡೆ ಹೀಗೇ. ಬಿಲ್ ನೋಡಿ "ಇಷ್ಟೊಂದು ಡಯಾಪರ್ ಯಾಕೆ ಆಯ್ತು?" ಅಂತ ಕೇಳುವವರು ಮಕ್ಕಳೇ. "ಇವತ್ತು ಎಷ್ಟು ಲೋಟ ನೀರು ಕುಡಿದ್ರು?" ಅಂತ ಯಾರೂ ಕೇಳುವುದಿಲ್ಲ. ಡಯಾಪರ್ ಕಡಿಮೆ ಆದರೆ ಮನೆಯವರಿಗೂ ಖುಷಿ, ಕೆಲಸದವರಿಗೂ ಸುಲಭ. ಬಾಯಿ ಒಣಗುವುದು ಅಜ್ಜಿಯೊಬ್ಬರಿಗೆ ಮಾತ್ರ.

ರಾತ್ರಿ ಭಾವನವರಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು "ಎಷ್ಟು ಸ್ಟಾರ್ ಇದೆ?" ಅಂತ. ಅವರ ತಪ್ಪಲ್ಲ. ಅಮೆರಿಕದಲ್ಲಿ ಸರ್ಕಾರವೇ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದು ಸ್ಟಾರ್ ಕೊಡುತ್ತಿದೆ. ಮುಂಚೆ ಹೇಳದೆ ತಪಾಸಣೆಗೆ ಬರುತ್ತಾರೆ, ಎರಡು ತಪಾಸಣೆಯ ನಡುವೆ 15 ತಿಂಗಳು ಮೀರುವಂತಿಲ್ಲ, ವರದಿಯನ್ನು ಯಾರು ಬೇಕಾದರೂ ಓದಬಹುದು. ಎಷ್ಟು ಜನ ಕೆಲಸ ಮಾಡಿದರು ಅನ್ನುವುದನ್ನು ಸಂಬಳದ ದಾಖಲೆಯಿಂದ ತೆಗೆಯುತ್ತಾರೆ. 2022ರಿಂದ ಶನಿವಾರ, ಭಾನುವಾರದ ಲೆಕ್ಕವನ್ನೂ ಬೇರೆಯಾಗಿ ಹಾಕುತ್ತಾರೆ. ಅಲ್ಲೂ ಐದು ಸ್ಟಾರ್ ಇದ್ದ ಕಡೆ ಎಲ್ಲ ಸರಿ ಇರುತ್ತದೆ ಅಂತಲ್ಲ. ಆದರೂ ಮಕ್ಕಳ ಕೈಗೆ ಓದಲು ಏನೋ ಒಂದು ಸಿಗುತ್ತದೆ.

ನಮಗೆ ಸಿಗುವುದು ಗೂಗಲ್ ರಿವ್ಯೂ. ಅದನ್ನು ಬರೆಯುವವರು ಮಧ್ಯಾಹ್ನ ಬಂದು ಹೋಗುವ ಮಕ್ಕಳು, ಮಂಚದಲ್ಲಿ ಮಲಗಿದವರಲ್ಲ. ಹಿರಿಯ ನಾಗರಿಕರ ಪಾಲನೆಗೆ ಅಂತ 2007ರಲ್ಲಿ ಕಾಯ್ದೆ ಬಂತು. ತಂದೆತಾಯಿಯನ್ನು ಬೀದಿಗೆ ಬಿಟ್ಟ ಮಕ್ಕಳಿಗೆ ಮೂರು ತಿಂಗಳವರೆಗೆ ಜೈಲು ಅಂತ ಅದರಲ್ಲಿದೆ. ಜಿಲ್ಲೆಗೊಂದಾದರೂ 150 ಬಡ ಹಿರಿಯರು ಇರಬಹುದಾದ ವೃದ್ಧಾಶ್ರಮ ಇರಲಿ ಅಂತಲೂ ಇದೆ. ಒಳ್ಳೆಯದೇ. ದುಡ್ಡು ಕಟ್ಟಿ ಬಿಟ್ಟ ಕಡೆ ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ತಿಳಿದುಕೊಳ್ಳುವುದು ಮಾತ್ರ ನಮ್ಮ ನಮ್ಮ ಪಾಲಿಗೆ ಬಿಟ್ಟಿದ್ದು. ದೂರು ಕೊಡಲು 14567 ಸಹಾಯವಾಣಿ ಇದೆ. ಸೆರಗು ಹಿಡಿದ ಆ ಅಜ್ಜಿಯ ಹತ್ತಿರ ಫೋನ್ ಇರಲಿಲ್ಲ.

ಕ್ಯಾಮೆರಾ ಇದೆಯಲ್ಲ ಅಂತ ಭಾವನವರು ಅಂದರು. ಕ್ಯಾಮೆರಾದಲ್ಲಿ ಅಜ್ಜಿ ಶಾಂತವಾಗಿ ಮಲಗಿದ್ದು ಕಾಣುತ್ತದೆ, ತುಟಿ ಒಣಗಿದ್ದು ಕಾಣುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಏನು ನೋಡ್ಬೇಕಮ್ಮ?" ಅಂತ ಕೇಳಿದರು. ಭಾವನವರ ಜೊತೆ ನನಗೆ ಬಹಳ ವಿಷಯದಲ್ಲಿ ಆಗುವುದಿಲ್ಲ, ದೂರದಿಂದ ಅಪ್ಪಣೆ ಕೊಡುವುದು ಅವರಿಗೆ ಅಭ್ಯಾಸ. ಆದರೆ ಈ ಪ್ರಶ್ನೆಯನ್ನು ನಿಜವಾಗಿ ಕೇಳಿದರು.

ನೋಡಬೇಕಾದ್ದು ದೊಡ್ಡದೇನಲ್ಲ. ಸಂಜೆ ಹೋಗಬೇಕು, ಊಟ ಮಾಡಿಸುವ ಹೊತ್ತಿಗೆ. ಬಾಟಲಿ, ಲೋಟ ಕೈಗೆ ಎಟುಕುತ್ತದಾ ನೋಡಬೇಕು. ಮೂತ್ರದ ಕ್ಯಾತಿಟರ್ ಚೀಲ ನೆಲ ಮುಟ್ಟಿದೆಯಾ, ಮೂಗಿನ ಟ್ಯೂಬಿನಲ್ಲಿ ಆಹಾರ ಕೊಟ್ಟವರನ್ನು ತಲೆ ಎತ್ತರಿಸಿ ಮಲಗಿಸಿದ್ದಾರಾ, ಇದೆಲ್ಲ ಬಾಗಿಲಲ್ಲಿ ನಿಂತರೂ ಕಾಣುತ್ತದೆ. ನಮ್ಮವರನ್ನು ಸೇರಿಸಿದ ಮೇಲಾದರೆ ಪ್ರತಿ ಸಲ ಹೋದಾಗ ಸಾಕ್ಸ್ ತೆಗೆದು ಹಿಮ್ಮಡಿ ನೋಡಬೇಕು. ಕೆಂಪಾದ ಕಡೆ ಬೆರಳಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಅಲ್ಲಿ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ. ಮತ್ತೆ ಮ್ಯಾನೇಜರನ್ನು ಬಿಟ್ಟು, ರಾತ್ರಿ ಪಾಳಿಯವರ ಹತ್ತಿರ ಮಾತಾಡಬೇಕು. ಅವರು ಸುಳ್ಳು ಹೇಳುವುದಿಲ್ಲ, ಅವರಿಗೆ ಮಾರಲು ಏನೂ ಇಲ್ಲ.

ನಿನ್ನೆ ಇನ್ನೊಂದು ಕಡೆ ಹೋಗಿದ್ದೆವು. ಹಳೆಯ ಮನೆ, ಬಣ್ಣ ಮಾಸಿದೆ, ಆ್ಯಪ್ ಇಲ್ಲ. ಪ್ರತಿ ಮಂಚದ ತುದಿಯಲ್ಲಿ ಒಂದು ನೋಟ್‌ಬುಕ್ ಕಟ್ಟಿದ್ದರು. ಒಂದನ್ನು ನೋಡಬಹುದಾ ಅಂತ ಕೇಳಿದಾಗ, ಅಲ್ಲಿದ್ದ ಅಮ್ಮ ಅಜ್ಜಿಯನ್ನೇ ಒಪ್ಪಿಗೆ ಕೇಳಿ ಆಮೇಲೆ ಕೊಟ್ಟರು. ಬೆಳಿಗ್ಗೆಯಿಂದ ಎಷ್ಟು ಸಲ ನೀರು, ಮಜ್ಜಿಗೆ, ಗಂಜಿ, ಎಷ್ಟು ಸಲ ಮಗ್ಗುಲು, ಬೇರೆ ಬೇರೆ ಕೈಬರಹದಲ್ಲಿತ್ತು. ರಾತ್ರಿ ಪಾಳಿಯ ಇಬ್ಬರೂ ಹನ್ನೆರಡಕ್ಕೆ ಎಚ್ಚರ ಇರ್ತಾರಾ ಅಂತ ಕೇಳಿದೆ. "ಹನ್ನೆರಡಕ್ಕೇ ಬನ್ನಿ, ಗೇಟ್ ಹತ್ರ ಬಂದು ಫೋನ್ ಮಾಡಿ" ಅಂದರು. ದರ ಮೊದಲಿನ ಜಾಗಕ್ಕಿಂತ ಜಾಸ್ತಿ. ಹೆಚ್ಚಿನದನ್ನು ತಾನು ಕೊಡುತ್ತೇನೆ ಅಂತ ಭಾವನವರು ಬೆಳಿಗ್ಗೆ ಮೆಸೇಜ್ ಹಾಕಿದ್ದಾರೆ. ಶನಿವಾರ ರಾತ್ರಿ ಹೋಗಿ ನೋಡಿ ಬಂದ ಮೇಲೆ ಅಡ್ವಾನ್ಸ್ ಕಟ್ಟುತ್ತೇವೆ.