ಮಗ್ಗುಲು

ಆ ಶನಿವಾರ ಬೆಳಿಗ್ಗೆ ಮಗಳು ನಮ್ಮ ಕೋಣೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದೇ ಇತ್ತು, ಮಂಚದ ಮೇಲೆ ಮಲಗಿದ್ದ ನಾನು ಅವಳಿಗೆ ಕಾಣುತ್ತಲೇ ಇದ್ದೆ. ಆದರೂ ತಟ್ಟಿ, "ಒಳಗೆ ಬರಬಹುದಾ?" ಎಂದು ಕೇಳಿ, ನಾನು ಹೂಂ ಅಂದಮೇಲೇ ಕಾಲಿಟ್ಟಳು. ಅವಳು ತಯಾರಾಗುತ್ತಿರುವ ನರ್ಸ್ ಏಡ್ ಪರೀಕ್ಷೆಯಲ್ಲಿ, ಅಂದರೆ ರೋಗಿಗಳ ಆರೈಕೆ ಮಾಡುವ ಸಹಾಯಕರ ಪರೀಕ್ಷೆಯಲ್ಲಿ, ಹಾಗೇ ಮಾಡಬೇಕು. ಎದ್ದು ಕೂರಲಾಗದ ಪೇಷೆಂಟ್ ಆದರೂ ಆ ಕೋಣೆ ಅವರದು, ಹೇಳದೆ ಕೇಳದೆ ನುಗ್ಗುವ ಹಾಗಿಲ್ಲ. ಅವತ್ತು ಆ ಪೇಷೆಂಟ್ ನಾನು. ಸ್ಟ್ರೋಕ್ ಆಗಿದೆ, ಬಲಗಡೆ ಸ್ವಾಧೀನ ಇಲ್ಲ ಅಂದುಕೋ ಎಂದಿದ್ದಳು.

ನಾವಿರುವುದು ಅಮೆರಿಕದ ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿ. ಮಗಳು ಓದುವುದು ಆರೋಗ್ಯ ವಿಜ್ಞಾನದ ಅರ್ಲಿ ಕಾಲೇಜ್ ಹೈಸ್ಕೂಲಿನಲ್ಲಿ, ಈಗ ಹನ್ನೊಂದನೇ ತರಗತಿ. ಹೈಸ್ಕೂಲು ಮುಗಿಸುತ್ತಲೇ ಪಕ್ಕದ ಕಮ್ಯುನಿಟಿ ಕಾಲೇಜಿನ ಕ್ಲಾಸುಗಳಲ್ಲೂ ಕೂತು, ಎರಡು ವರ್ಷದವರೆಗಿನ ಕಾಲೇಜು ಓದನ್ನು ಫೀಸಿಲ್ಲದೆ ಮುಗಿಸಿಕೊಳ್ಳಬಹುದು. 2003ರಲ್ಲಿ ಈ ರಾಜ್ಯ ಮಾಡಿದ ಕಾನೂನಿನಿಂದ ಇಂಥ ಶಾಲೆಗಳು ಊರೂರಿಗೆ ಬಂದವು. ಒಂದು ತರಗತಿಗೆ ನೂರು ಮಕ್ಕಳಿಗಿಂತ ಹೆಚ್ಚಿಲ್ಲ. ಫುಟ್‌ಬಾಲ್ ತಂಡ ಇಲ್ಲ, ಬ್ಯಾಂಡ್ ಇಲ್ಲ. ನಮ್ಮವರಲ್ಲಿ ಬಹಳ ಜನಕ್ಕೆ ಇದು ಸರಿಬರಲಿಲ್ಲ. "ಡಾಕ್ಟರ್ ಆಗೋ ಹುಡುಗಿ, ದೊಡ್ಡ ಹೈಸ್ಕೂಲಲ್ಲಿ ಎಪಿ ಕ್ಲಾಸ್ ತಗೊಳ್ಳೋದು ಬಿಟ್ಟು ಅಲ್ಲಿಗ್ಯಾಕೆ ಕಳಿಸ್ತೀರಾ?" ಎಂದು ಯುಗಾದಿ ಊಟದ ಪಂಕ್ತಿಯಲ್ಲೇ ಕೇಳಿದವರಿದ್ದಾರೆ. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ. ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು. ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡು ಸಿಇಟಿ ಬರೆದು ಬೆಳೆದವಳು ನಾನು. ಆರೋಗ್ಯದ ಓದು ಅಂದರೆ ಎಂಬಿಬಿಎಸ್ ಸೀಟು, ಅದು ಸಿಗದಿದ್ದರೆ ಡೆಂಟಲ್ ಎಂದಷ್ಟೇ ನಮಗೆ ಗೊತ್ತಿದ್ದದ್ದು.

ಈ ಶಾಲೆಗಳು ಯಾರಿಗಾಗಿ ಎಂಬುದನ್ನೂ ಕಾನೂನಿನಲ್ಲೇ ಬರೆದಿದ್ದಾರೆ: ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲದ ಮಕ್ಕಳು, ಓದು ಅರ್ಧಕ್ಕೇ ನಿಂತುಹೋಗುವ ಅಪಾಯದಲ್ಲಿರುವವರು, ಬೇಗ ಬೇಗ ಮುಂದೆ ಹೋದರೆ ಅನುಕೂಲವಾಗುವವರು. ನನ್ನ ಮಗಳು ಸೇರಿದ್ದು ಮೂರನೇ ಸಾಲಿನಲ್ಲಿ. ಅವಳ ಜೀವದ ಗೆಳತಿ ಮೊದಲನೇ ಸಾಲಿನವಳು. ಆ ಹುಡುಗಿಯ ಅಮ್ಮ ನರ್ಸಿಂಗ್ ಹೋಮಿನಲ್ಲಿ (ಇಲ್ಲಿ ಹಾಗೆಂದರೆ ಸಣ್ಣ ಆಸ್ಪತ್ರೆಯಲ್ಲ, ವೃದ್ಧರ ಆರೈಕೆಯ ಮನೆ) ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಪೇಷೆಂಟ್ ಮಲಗಿದ್ದಂತೆಯೇ ಸುಕ್ಕು ಬಾರದ ಹಾಗೆ ಹಾಸಿಗೆಯ ಬಟ್ಟೆ ಬದಲಿಸುವುದನ್ನು ನನ್ನ ಮಗಳಿಗೆ ಮೊದಲು ತೋರಿಸಿಕೊಟ್ಟವರು ಅವರೇ. ಆ ತಾಯಿಯ ಬಗ್ಗೆ ನನಗೆ ತುಂಬ ಗೌರವ.

ಈ ವರ್ಷ ಮಗಳು ನರ್ಸ್ ಏಡ್ ತರಬೇತಿಗೆ ಸೇರಿದ್ದಾಳೆ. 1987ರ ಫೆಡರಲ್ ಕಾನೂನಿನ ಪ್ರಕಾರ ನರ್ಸಿಂಗ್ ಹೋಮಿನಲ್ಲಿ ಈ ಕೆಲಸ ಮಾಡುವವರಿಗೆ ಕನಿಷ್ಠ 75 ಗಂಟೆ ತರಬೇತಿ ಆಗಿರಲೇಬೇಕು. ಆಮೇಲೆ ಬರವಣಿಗೆಯ ಪರೀಕ್ಷೆ, ಜೊತೆಗೆ ಕೈಕೆಲಸದ ಪರೀಕ್ಷೆ. ಬಿ.ಪಿ. ನೋಡುವುದೋ, ಹಲ್ಲುಸೆಟ್ ತೊಳೆಯುವುದೋ, ಯಾವುದು ಬರುತ್ತದೋ ಗೊತ್ತಿರುವುದಿಲ್ಲ. ಕೈ ತೊಳೆಯುವುದು ಮಾತ್ರ ಬಂದೇ ಬರುತ್ತದೆ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಉಜ್ಜಬೇಕು, ಬೆರಳ ತುದಿ ಕೆಳಗಿರಬೇಕು, ನಲ್ಲಿಯನ್ನು ಬರಿಗೈಯಲ್ಲಿ ನಿಲ್ಲಿಸಬಾರದು, ಒಣ ಪೇಪರ್ ಹಿಡಿದು ನಿಲ್ಲಿಸಬೇಕು. ಕೈ ಸಿಂಕಿಗೆ ತಾಗಿತೋ, ಮತ್ತೆ ಮೊದಲಿಂದ. ಮೊದಮೊದಲು ಅಡುಗೆಮನೆಯಲ್ಲಿ ಇದನ್ನು ನೋಡುವಾಗ, ಇದಕ್ಕೆ ಕಾಲೇಜು ಬೇಕಾ ಅನ್ನಿಸಿತ್ತು.

ಆ ಶನಿವಾರದ ಪಾಠ, ಪೇಷೆಂಟನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು. ಕನ್ನಡದಲ್ಲೇ ಹೇಳು ಎಂದೆ. ನನ್ನ ಮುಖ ನೋಡುತ್ತಾ ನಿಧಾನವಾಗಿ, "ಈಗ ನಿಮ್ಮನ್ನ ಎಡಗಡೆಗೆ..." ಎಂದು ನಿಂತಳು. ಪದ ಗೊತ್ತಿರಲಿಲ್ಲ. "ಮಗ್ಗುಲಿಗೆ" ಅಂದೆ. "ಎಡ ಮಗ್ಗುಲಿಗೆ ತಿರುಗಿಸ್ತೀನಿ" ಎಂದಳು. ಮಗ್ಗುಲು, ಮಗ್ಗುಲು ಎಂದು ಎರಡು ಸಲ ಬಾಯಲ್ಲಿ ಆಡಿಸಿದಳು.

ಮಂಡಿ ಮಡಿಸಿ, ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ನನ್ನನ್ನು ಇಡಿಯಾಗಿ ಹೊರಳಿಸಿದಳು. ಎಲ್ಲೂ ಎಳೆದಾಟವಿಲ್ಲ, ಜಗ್ಗಾಟವಿಲ್ಲ. ಆಮೇಲೆ ದಿಂಬುಗಳು. ತಲೆಗೊಂದು. ಬೆನ್ನ ಹಿಂದೆ ಆನಿಸಿಕೊಳ್ಳಲು ಒಂದು. ಮೇಲಿನ ಕೈ ಒರಗಿಸಲು ಒಂದು. ಮೇಲಿನ ಮಂಡಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಎರಡು ಕಾಲಿನ ನಡುವೆ ಒಂದು. ಕೊನೆಗೆ ನನ್ನ ಹೆಗಲ ಕೆಳಗೆ ಬೆರಳು ತೂರಿಸಿ ನೋಡಿದಳು. "ಏನದು?" ಅಂದೆ. "ನಿನ್ನ ಭಾರ ನಿನ್ನ ಕೈ ಮೇಲೇ ಬಿದ್ದಿದೆಯಾ ಅಂತ. ಬಿದ್ದಿದ್ರೂ ಎಷ್ಟೋ ಪೇಷೆಂಟ್‌ಗಳಿಗೆ ಗೊತ್ತಾಗಲ್ಲ, ಹೇಳೋಕೂ ಆಗಲ್ಲ, ಅಲ್ವಾ?"

"ಹೀಗೇ ಎಷ್ಟು ಹೊತ್ತು ಮಲಗಿರಬೇಕು?"

"ಎರಡು ಗಂಟೆ. ಆಮೇಲೆ ಮತ್ತೆ ತಿರುಗಿಸಬೇಕು. ಇಲ್ದಿದ್ರೆ ಮೂಳೆ ಒತ್ತೋ ಜಾಗದಲ್ಲಿ ರಕ್ತ ಓಡಲ್ಲ, ಚರ್ಮ ಸತ್ತುಹೋಗುತ್ತೆ. ಮೊದಲು ಬರೀ ಕೆಂಪಗೆ ಕಾಣುತ್ತೆ. ಆಗಲೇ ನೋಡಿಬಿಡಬೇಕು."

ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನನ್ನ ಕಣ್ಣು ಅವಳಿಗೆ ಕಾಣುತ್ತಿರಲಿಲ್ಲ.

2011ರಲ್ಲಿ ಅರಸೀಕೆರೆಯಲ್ಲಿ ನನ್ನ ಅಪ್ಪನಿಗೆ ಹೀಗೇ ಬಲಗಡೆ ಬಿದ್ದುಹೋಯಿತು. ಮಗಳಿಗಾಗ ಮೂರು ವರ್ಷ. ಹನ್ನೆರಡು ದಿನಕ್ಕೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ ಮಾತ್ರೆಯ ಚೀಟಿ ಕೊಟ್ಟರು, ಉಪ್ಪು ಕಡಿಮೆ ಮಾಡಿ ಎಂದರು, ಹದಿನೈದು ದಿನ ಬಿಟ್ಟು ಕರೆತನ್ನಿ ಎಂದರು. ಹೊರಳಿಸಿ ಎಂದು ಒಬ್ಬರೂ ಹೇಳಲಿಲ್ಲ. ಅಮ್ಮ ಅವರನ್ನು ಪಡಸಾಲೆಯಲ್ಲಿ, ಬೀದಿ ಕಾಣುವ ಹಾಗೆ ಮಲಗಿಸಿದ್ದರು. ಹೊತ್ತುಹೊತ್ತಿಗೆ ಗಂಜಿ ಕುಡಿಸಿದರು, ಮೈ ಒರೆಸಿದರು, ಬೆನ್ನಿಗೆ ಪೌಡರ್ ಹಾಕಿದರು. ಅಲುಗಾಡಿಸಿದರೆ ನೋವಾಗುತ್ತದೆ ಎಂದು, ಪ್ರೀತಿಯಿಂದಲೇ, ಅಂಗಾತ ಮಲಗಿಸಿಯೇ ಇಟ್ಟರು. ನಾನು ಇಲ್ಲಿಂದ ಹೋಗಿ ತಲುಪುವಷ್ಟರಲ್ಲಿ ಬೆನ್ನಿನ ಕೆಳಗಿನ ಮೂಳೆಯ ಮೇಲೆ ನನ್ನ ಅಂಗೈಯಷ್ಟು ಅಗಲದ ಹುಣ್ಣಾಗಿತ್ತು. ಆ ವಾಸನೆ ಇವತ್ತಿಗೂ ಮರೆತಿಲ್ಲ. ಅದರ ನಂಜೇ ಮೈಗೆಲ್ಲ ಏರಿತು ಎಂದು ಆಮೇಲೆ ಡಾಕ್ಟರು ಹೇಳಿದರು. "ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ಅಮ್ಮ ತಿಥಿಯ ದಿನವೂ ಹೇಳಿದರು, ಈಗಲೂ ಹೇಳುತ್ತಾರೆ.

ಮಗಳು ಫೋನನ್ನು ನನ್ನ ಎಡಗೈಗೆ ಸಿಗುವ ಹಾಗೆ ಇಟ್ಟು, "ಇದು ಕಾಲ್ ಬೆಲ್. ಏನು ಬೇಕಿದ್ರೂ ಒತ್ತಿ" ಎಂದಳು. ಪರೀಕ್ಷೆಯ ಕೊನೆಯ ಹೆಜ್ಜೆಗಳಲ್ಲಿ ಅದೂ ಒಂದು. ನಾನು ಮಲಗಿದ್ದಲ್ಲೇ ಆ ಫೋನಿನಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ನಮಗೆ ಬೆಳಿಗ್ಗೆ ಒಂಬತ್ತು, ಅಲ್ಲಿ ಸಂಜೆ ಆರೂವರೆ, ದೀಪ ಹಚ್ಚಿ ಕೂತಿದ್ದರು. ದೊಡ್ಡಮ್ಮನಿಗೆ ಸೊಂಟ ಮುರಿದು ಎರಡು ತಿಂಗಳಿಂದ ಅದೇ ಪಡಸಾಲೆಯಲ್ಲಿ ಮಲಗಿದ್ದಾರೆ, ನೋಡಿಕೊಳ್ಳುತ್ತಿರುವುದು ಅಮ್ಮನೇ. ಅಪ್ಪನ ಮಾತು ಎತ್ತುವುದೋ ಬೇಡವೋ ಎಂದು ಹಿಂಜರಿದೆ. ಆದರೆ ಈಗ ಹೇಳದಿದ್ದರೆ ಇನ್ನು ಯಾವಾಗ? ಹೇಳಿದೆ. ದೊಡ್ಡಮ್ಮನ ಡಾಕ್ಟರನ್ನು ಕೇಳಿಯೇ ಮಾಡು, ಸೊಂಟದ ಏಟಲ್ವಾ ಎಂದೂ ಹೇಳಿದೆ.

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡು ಗಂಟೆಗೊಂದು ಸಲ, ಅಷ್ಟೇನಾ?" ಎಂದರು. "ಅವತ್ತು ಯಾರಾದ್ರೂ ಒಂದು ಮಾತು ಹೇಳಿದ್ರೆ ನಾನು ರಾತ್ರಿಯೆಲ್ಲಾ ಎದ್ದಿರ್ತಿದ್ನಲ್ಲೇ."

"ಹೂಂ ಅಮ್ಮ. ಯಾರೂ ಹೇಳ್ಲಿಲ್ಲ. ನಿನ್ನ ತಪ್ಪಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಮೊಮ್ಮಗಳನ್ನು ಕರಿ ಎಂದರು. ಮಗಳು ಫೋನನ್ನು ಕಿಟಕಿಗೆ ಒರಗಿಸಿ, ನನ್ನನ್ನು ಮತ್ತೆ ಅಂಗಾತ ಮಾಡಿ, "ಅಜ್ಜಿ, ಇದು ಎಡ ಮಗ್ಗುಲು" ಎಂದು ಮೊದಲಿಂದ ಶುರುಮಾಡಿದಳು. ಅಮ್ಮ ಅಲ್ಲಿ ದಿಂಬು ಎಣಿಸುತ್ತಿದ್ದರು. ಮೂರು ಎಣಿಸಿ ನಿಲ್ಲಿಸಿದರು.

"ಕಾಲ ಮಧ್ಯದ್ದು ಸರಿಯಾಗಿ ಕಾಣಿಸ್ಲಿಲ್ಲ ಪುಟ್ಟಿ. ಇನ್ನೊಂದು ಸಲ ತೋರಿಸು."